ಮಲಪ್ರಭೆಯ ದಂಡೆಗೆ ಚಳಿಗಾಲದ ಅತಿಥಿಗಳು

ದೀಪಾವಳಿ ಮುಗಿದು ಚಳಿ ಬಿತ್ತೆಂದರೆ ಮಲಪ್ರಭೆಯ ಸೀಮೆಗೆ ದೂರದ ನೆಂಟರು ಬರತೊಡಗುತ್ತಾರೆ. ಇವರಿಗೆ ರೈಲು ಬೇಡ, ವಸತಿಗೃಹ ಬೇಡ. ರೆಕ್ಕೆಯೇ ವಾಹನ, ಮರವೇ ಮನೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನೆಲವನ್ನು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇದರ ಜಾಡು ಹಿಡಿದರೆ ಕಾಡು, ಎರೆಹೊಲ, ಕಲ್ಲುಗುಡ್ಡ ಮೂರೂ ಕಡೆಯ ಹಕ್ಕಿಗಳನ್ನು ನೋಡಬಹುದು.

ಕಿತ್ತೂರಿನ ಪಶ್ಚಿಮಕ್ಕೆ ಸಾಗವಾನಿ, ಮತ್ತಿ ಮರಗಳ ಕಾಡಿದೆ. ಎಲೆ ಉದುರಿ ಟೊಂಗೆಗಳು ಬಯಲಾದಂತೆ ಹಕ್ಕಿಗಳು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಕಾಡಂಚಿನಲ್ಲಿ ವರ್ಷವಿಡೀ ಇರುವ ಕರಿ ಕಾಜಾಣ; ಒಳಗಿನ ಮರಗಳಲ್ಲಿ ಹಿಮಾಲಯದ ಕಡೆಯಿಂದ ಬಂದ ಬೂದು ಕಾಜಾಣ. ಬೂದು ಮೈ, ಕೆಂಪು ಕಣ್ಣು ಇದರ ಗುರುತು.

ಬೈಲಹೊಂಗಲದ ಎರೆಹೊಲಗಳಲ್ಲಿ ಸೀತನಿ ತಿನ್ನುವ ಕಾಲಕ್ಕೆ ಗುಲಾಬಿ ಮೈನಾಗಳ ಹಿಂಡು ಇಳಿಯುತ್ತದೆ. ಮಧ್ಯ ಏಷ್ಯಾದಿಂದ ಬರುವ ಇವು ಜೋಳದ ತೆನೆಗೆ ಬಾಯಿ ಹಾಕುತ್ತವೆಂದು ರೈತರಿಗೆ ಸಿಟ್ಟು. ಆದರೆ ಇವೇ ಹಕ್ಕಿಗಳು ಮಿಡತೆಗಳನ್ನೂ ಹಿಡಿದು ತಿನ್ನುತ್ತವೆ.

ಸವದತ್ತಿಯ ಹತ್ತಿರ ಹೊಳೆ ಗುಡ್ಡವನ್ನು ಸೀಳಿಕೊಂಡು ಹೋಗುವ ಸ್ಥಳವೇ ನವಿಲುತೀರ್ಥ. ಇಲ್ಲಿ ಅಣೆಕಟ್ಟು ಕಟ್ಟಿದ್ದರಿಂದ ರೇಣುಕಾಸಾಗರ ನಿಂತಿದೆ. ನವಿಲು ನಮ್ಮ ರಾಷ್ಟ್ರಪಕ್ಷಿಯಾದದ್ದು 1963ರಲ್ಲಿ. ಚಳಿಗಾಲದಲ್ಲಿ ಗಂಡು ನವಿಲು ಕಂಡರೆ, ಉದ್ದನೆಯ ಗರಿ ಎಲ್ಲಿ ಹೋಯಿತೆಂದು ಮಕ್ಕಳು ಕೇಳುವುದು ಸಹಜ. ಮಳೆಗಾಲದ ಕೊನೆಗೆ ಅದು ತಾನಾಗಿಯೇ ಗರಿ ಉದುರಿಸುತ್ತದೆ. ಹೊಸ ಗರಿ ಪೂರ್ತಿ ಬೆಳೆಯಲು ತಿಂಗಳುಗಳೇ ಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಜನಸಾಗರ ಹರಿದು ಬರುವುದರಿಂದ, ಹಕ್ಕಿ ನೋಡುವವರು ಆ ದಿನಗಳನ್ನು ಬಿಡುವುದು ಒಳಿತು.

ರಾಮದುರ್ಗ ತಾಲೂಕಿನ ಸುರೇಬಾನದ ಬಳಿ ಶಬರಿಕೊಳ್ಳವಿದೆ. ಇಂಥ ಕಲ್ಲುಗುಡ್ಡಗಳಲ್ಲಿ ಬಾಲ ನಡುಗಿಸುತ್ತ ಬಂಡೆಯಿಂದ ಬಂಡೆಗೆ ಹಾರುವ ಕರಿ ಕೆಂಬಾಲವನ್ನು ಹುಡುಕಬೇಕು. ಇದೂ ಚಳಿಗಾಲದ ಅತಿಥಿಯೇ.

ಈಗ ಮೊಬೈಲಿನಲ್ಲೂ ಕ್ಯಾಮೆರಾ ಇದೆ. ಚಿತ್ರದ ಆಸೆಗೆ ಹಕ್ಕಿಯ ಬೆನ್ನು ಹತ್ತುವವರು ಒಂದು ವಿಷಯ ತಿಳಿದಿರಬೇಕು. ಹಕ್ಕಿಯ ಮೈಶಾಖ ಸುಮಾರು 40 ಡಿಗ್ರಿ ಸೆಲ್ಸಿಯಸ್. ಚಳಿಯ ರಾತ್ರಿಯಲ್ಲಿ ಅದನ್ನು ಕಾಯ್ದುಕೊಳ್ಳಲು ಸಣ್ಣ ಹಕ್ಕಿ ಮೈಯ ಕೊಬ್ಬನ್ನು ಕರಗಿಸಿರುತ್ತದೆ. ಬೆಳಗ್ಗೆ ಅದಕ್ಕೆ ಮೊದಲು ಬೇಕಾದದ್ದು ಆಹಾರ. ಆಗ ಮತ್ತೆ ಮತ್ತೆ ಹಾರಿಸಿದರೆ ಉಳಿದ ಶಕ್ತಿಯೂ ಖರ್ಚಾಗುತ್ತದೆ. ಸೂರ್ಯನಿಗೆ ಬೆನ್ನು ಮಾಡಿ, ಹೂಬಿಟ್ಟ ಮುತ್ತಲ ಮರದಿಂದ ಸ್ವಲ್ಪ ದೂರದಲ್ಲಿ ಸುಮ್ಮನೆ ಕುಳಿತರೆ ಹಕ್ಕಿಗಳು ತಾವಾಗಿಯೇ ಬರುತ್ತವೆ.

ಪಾಲಕರು ಮಕ್ಕಳ ಕೈಗೆ ಕ್ಯಾಮೆರಾ ಜೊತೆಗೆ ಒಂದು ನೋಟ್‌ಬುಕ್ಕನ್ನೂ ಕೊಡಲಿ. ದಿನಾಂಕ, ಸ್ಥಳ, ಮರದ ಹೆಸರು, ಹಕ್ಕಿ ಏನು ತಿನ್ನುತ್ತಿತ್ತು ಎಂಬುದನ್ನು ಬರೆದಿಟ್ಟರೆ, ಮುಂದಿನ ಚಳಿಗಾಲದಲ್ಲಿ ಅದೇ ನೆಂಟ ಬೇಗ ಬಂದನೋ, ತಡವಾಗಿ ಬಂದನೋ, ಬರಲೇ ಇಲ್ಲವೋ ಎಂದು ಮಕ್ಕಳೇ ಹೇಳಬಲ್ಲರು.