ಲೆಕ್ಕ ಹಾಕಿದ ವೈದ್ಯ

ಪಠ್ಯಪುಸ್ತಕಗಳಲ್ಲಿ ವಿಲಿಯಂ ಹಾರ್ವೆಗೆ ದೊರೆಯುವುದು ಒಂದೇ ವಾಕ್ಯ: ರಕ್ತಪರಿಚಲನೆಯನ್ನು ಕಂಡುಹಿಡಿದವನು. ನನ್ನ ತರಗತಿಯಲ್ಲಿ ಕುಳಿತಿದ್ದ ನೀವೆಲ್ಲರೂ 'ಬಿಟ್ಟ ಸ್ಥಳ ತುಂಬಿರಿ' ಪ್ರಶ್ನೆಗಾಗಿ ಆ ಹೆಸರನ್ನು ಬಾಯಿಪಾಠ ಮಾಡಿದವರೇ. ನಲವತ್ತೈದು ನಿಮಿಷದ ಪೀರಿಯಡ್ಡಿನಲ್ಲಿ ಹೇಳಲು ಬಿಡುವಿಲ್ಲದಿದ್ದುದನ್ನು ಈಗ ಬರೆಯುತ್ತಿದ್ದೇನೆ.

ಹಾರ್ವೆ ಹುಟ್ಟಿದ್ದು 1578ರಲ್ಲಿ, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಫೋಕ್‌ಸ್ಟನ್ ಎಂಬ ಕಡಲತೀರದ ಊರಿನಲ್ಲಿ. ಕೇಂಬ್ರಿಡ್ಜಿನಲ್ಲಿ ಓದಿ, ಇಟಲಿಯ ಪಡುವಾದಲ್ಲಿ 1602ರಲ್ಲಿ ವೈದ್ಯಪದವಿ ಪಡೆದನು. ಅಲ್ಲಿನ ಗುರು ಫ್ಯಾಬ್ರಿಷಿಯಸ್ ಅಭಿಧಮನಿಗಳೊಳಗಿನ ಕವಾಟಗಳನ್ನು ವಿವರಿಸಿದ್ದನು. ಅವು ರಕ್ತದ ವೇಗವನ್ನು ತಗ್ಗಿಸಲು ಇವೆಯೆಂದು ತಿಳಿದಿದ್ದನು. ಅವು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆಯೆಂಬುದು ಶಿಷ್ಯನಿಗೆ ಹೊಳೆಯಿತು.

ಆಗ ಗ್ಯಾಲೆನ್ ಹೇಳಿದ್ದೇ ವೇದವಾಕ್ಯ. ಯಕೃತ್ತು ಆಹಾರದಿಂದ ರಕ್ತವನ್ನು ತಯಾರಿಸುತ್ತದೆ, ಅಂಗಾಂಗಗಳು ಅದನ್ನು ಹೀರಿ ಮುಗಿಸುತ್ತವೆ ಎಂದು ಸಾವಿರದ ನಾನೂರು ವರ್ಷಗಳಿಂದ ನಂಬಲಾಗಿತ್ತು. ಹಾರ್ವೆ ಗುಣಾಕಾರ ಮಾಡಿದನು. ಒಂದು ಬಡಿತಕ್ಕೆ ಅರ್ಧ ಔನ್ಸ್, ಅರ್ಧ ಗಂಟೆಗೆ 1000 ಬಡಿತವೆಂದರೂ 500 ಔನ್ಸ್, ಅಂದರೆ ಸುಮಾರು 14 ಕಿಲೋ! ದೇಹದಲ್ಲಿ ಅಷ್ಟು ರಕ್ತವೇ ಇಲ್ಲ. ಗಂಟೆಗಂಟೆಗೂ ಅಷ್ಟು ಹೊಸ ರಕ್ತವಾಗಬೇಕಾದರೆ ಎಷ್ಟು ಉಣ್ಣಬೇಕು? ಇಂದು ನಾವು ತಿಳಿದಿರುವಂತೆ ಬಡಿತವೊಂದಕ್ಕೆ ಹೊರಬೀಳುವುದು ಸುಮಾರು 70 ಮಿಲಿಲೀಟರ್. ಅವನ ಅಂದಾಜು ಬಹಳ ಕಡಿಮೆ. ಆದರೂ ವಾದ ನಿಂತಿತು. ಗಣಿತವನ್ನು ಕಂಡರೆ ಓಡುತ್ತಿದ್ದವರು ಗಮನಿಸಿ!

1628ರಲ್ಲಿ ಗ್ರಂಥ ಹೊರಬಂದ ಮೇಲೆ ಅವನ ಬಳಿಗೆ ಬರುವ ರೋಗಿಗಳೇ ಕಡಿಮೆಯಾದರೆಂದು ಅವನನ್ನು ಬಲ್ಲ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ರಾಜವೈದ್ಯನಿಗೇ ಈ ಗತಿ. ಇನ್ನೊಂದು ಕೊರತೆಯೂ ಉಳಿದಿತ್ತು. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ದಾರಿಯನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಇರಲೇಬೇಕೆಂದನು, ಅಷ್ಟೆ. ಮಾಲ್ಪಿಘಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಕಂಡು ಪ್ರಕಟಿಸಿದ್ದು 1661ರಲ್ಲಿ. ಹಾರ್ವೆ ತೀರಿಕೊಂಡಿದ್ದು 1657ರಲ್ಲಿ.

ರೋಗಿಗಳು ಬಿಟ್ಟುಹೋದುದಕ್ಕಿಂತ ಅವನನ್ನು ಹೆಚ್ಚು ನೋಯಿಸಿದ್ದು ಬೇರೊಂದು. 1642ರಲ್ಲಿ ಅಂತರ್ಯುದ್ಧ ಆರಂಭವಾದಾಗ ಅವನು ದೊರೆ ಒಂದನೆಯ ಚಾರ್ಲ್ಸ್‌ನ ಜೊತೆಗಿದ್ದನು. ಇತ್ತ ಲಂಡನ್ನಿನಲ್ಲಿ ಸಂಸತ್ತಿನ ಪಕ್ಷದ ಸೈನಿಕರು ಅವನ ವಸತಿಗೆ ನುಗ್ಗಿ ಲೂಟಿ ಮಾಡಿದರು. ಕೀಟಗಳನ್ನು ಕುರಿತು ವರ್ಷಗಟ್ಟಲೆ ಬರೆದಿಟ್ಟಿದ್ದ ಟಿಪ್ಪಣಿಗಳು ಹಾಳಾದವು. ಪೀಠೋಪಕರಣ ಹೋದುದಕ್ಕೆ ಅವನು ಅಷ್ಟಾಗಿ ಮರುಗಲಿಲ್ಲ. ಆ ಹಾಳೆಗಳ ದುಃಖವನ್ನು ಮಾತ್ರ 1651ರ ತನ್ನ ಗ್ರಂಥದಲ್ಲೂ ತೋಡಿಕೊಂಡಿದ್ದಾನೆ.