ಇವನನ್ನು ಕೂರಿಸಿ, ಅವನನ್ನು ಇಳಿಸಿ

ಅಮೆರಿಕದ ಫುಟ್‌ಬಾಲ್ ಪ್ರಿಯರಲ್ಲಿ ಒಂದು ಹಳೆಯ ಮಾತಿದೆ: ಊರಿಗೆಲ್ಲ ಅಚ್ಚುಮೆಚ್ಚಿನ ಆಟಗಾರನೆಂದರೆ ತಂಡದ ಎರಡನೇ ಕ್ವಾರ್ಟರ್‌ಬ್ಯಾಕ್. ಅವನಿನ್ನೂ ಮೈದಾನಕ್ಕೆ ಇಳಿದಿಲ್ಲ, ಹಾಗಾಗಿ ಅವನಿಂದ ತಪ್ಪೂ ಆಗಿಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸದ ನಿಮಿತ್ತ ನಾನು ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಕಾಲದಲ್ಲಿ ಈ ಮಾತಿನ ಬಿಸಿ ತಟ್ಟಿತು. ಆ ರಾಜ್ಯದಲ್ಲಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡವಿಲ್ಲ. ಜನರ ಪ್ರೀತಿಯೆಲ್ಲ ಎರಡು ವಿಶ್ವವಿದ್ಯಾಲಯಗಳಿಗೆ ಹಂಚಿಹೋಗಿದೆ, ಒಂದು ಟಸ್ಕಲೂಸಾದ ಅಲಬಾಮಾ, ಇನ್ನೊಂದು ಆಬರ್ನ್. ಟಸ್ಕಲೂಸಾದ ಬ್ರ್ಯಾಂಟ್-ಡೆನಿ ಕ್ರೀಡಾಂಗಣದಲ್ಲಿ ಒಂದು ಲಕ್ಷ ಜನ ಕೂರುತ್ತಾರೆ. ಶನಿವಾರದ ಪಂದ್ಯ ಸೋಮವಾರವೂ ಮುಗಿಯುವುದಿಲ್ಲ. ಕ್ಷೌರದಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಆಫೀಸಿನ ಕಾಫಿ ಯಂತ್ರದ ಮುಂದೆ ಅದು ನಡೆಯುತ್ತಲೇ ಇರುತ್ತದೆ. 2017ರ ಆ ಹೇಮಂತದಲ್ಲಿ ಮಾತೆಲ್ಲ ಒಬ್ಬನ ಮೇಲೆ. ಅಲಬಾಮಾ ತಂಡದ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್. ವಯಸ್ಸು ಹತ್ತೊಂಬತ್ತು.

ಕ್ವಾರ್ಟರ್‌ಬ್ಯಾಕ್‌ನ ಮೇಲೆ ಇಷ್ಟು ಭಾರ ಏಕೆ ಬೀಳುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ಹತ್ತು ಯಾರ್ಡ್ ಮುಂದೆ ಸಾಗಲು ತಂಡಕ್ಕೆ ನಾಲ್ಕು ಅವಕಾಶ. ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಇವನ ಕೈಗೆ. ಎಸೆಯಬೇಕೆ, ಪಕ್ಕದವನಿಗೆ ಕೊಡಬೇಕೆ, ತಾನೇ ಓಡಬೇಕೆ ಎಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ನೂರಿಪ್ಪತ್ತು ಮೂವತ್ತು ಕಿಲೋ ತೂಕದ ಆಳುಗಳು ಮೇಲೆ ನುಗ್ಗುತ್ತಿರುತ್ತಾರೆ. ದೂರದಿಂದ ನೋಡುವವನಿಗೆ ಖಾಲಿ ನಿಂತ ಆಟಗಾರ ಸ್ಪಷ್ಟವಾಗಿ ಕಾಣುತ್ತಾನೆ. ಎಸೆಯಬೇಕಾದವನಿಗೆ ಕಾಣುವುದು ತೋಳುಗಳ ಕಾಡು.

ಹರ್ಟ್ಸ್ ಟೆಕ್ಸಸ್‌ನ ಚಾನಲ್‌ವ್ಯೂ ಊರಿನವನು, ಹೈಸ್ಕೂಲ್ ಕೋಚ್ ಒಬ್ಬರ ಮಗ. 2016ರಲ್ಲಿ ಕಾಲೇಜಿಗೆ ಬಂದ ವರ್ಷವೇ ಮೊದಲ ಪಂದ್ಯದಲ್ಲಿ ಬ್ಲೇಕ್ ಬಾರ್ನೆಟ್ ಎಂಬವನ ಜಾಗಕ್ಕೆ ಇಳಿದ, ಮತ್ತೆ ಬಿಟ್ಟುಕೊಡಲಿಲ್ಲ. ಬಾರ್ನೆಟ್ ಆ ತಿಂಗಳು ಮುಗಿಯುವುದರೊಳಗೆ ಕಾಲೇಜು ಬಿಟ್ಟ. ಹೀಗೆ ಬಂದ ಹರ್ಟ್ಸ್ ಆ ಋತುವಿನ ರಾಷ್ಟ್ರೀಯ ಫೈನಲ್‌ವರೆಗೆ ತಂಡವನ್ನು ಒಯ್ದ. ಕ್ಲೆಮ್ಸನ್ ವಿರುದ್ಧ ಎರಡು ನಿಮಿಷ ಬಾಕಿಯಿದ್ದಾಗ ತಾನೇ ಓಡಿ ಮುನ್ನಡೆ ತಂದುಕೊಟ್ಟ. ಕೊನೆಯ ಸೆಕೆಂಡಿನಲ್ಲಿ ಅದು ಕೈತಪ್ಪಿತು.

ಮರುವರ್ಷ ಜನ ಎರಡು ಪಕ್ಷವಾದರು. ಇಡೀ ಋತುವಿನಲ್ಲಿ ಹರ್ಟ್ಸ್ ಎಸೆದ ಪಾಸ್‌ಗಳಲ್ಲಿ ಎದುರಾಳಿಯ ಕೈಸೇರಿದ್ದು ಒಂದೇ ಒಂದು. ನನಗೆ ಇಡೀ ವಾದದ ತಿರುಳು ಈ ಒಂದು ಅಂಕಿಯಲ್ಲೇ ಕಾಣುತ್ತದೆ. ಅವನ ಪರದವರು ಇದನ್ನು ಜವಾಬ್ದಾರಿ ಎಂದರು. ವಿರೋಧಿಗಳು ಅಂಜಿಕೆ ಎಂದರು: ಪಾಸ್ ಹಿಡಿಯಬೇಕಾದ ಮೊದಲ ರಿಸೀವರ್ ಸಿಗದಿದ್ದರೆ ಎರಡನೆಯವನತ್ತ ನೋಡುವುದೇ ಇಲ್ಲ, ಓಡಿಬಿಡುತ್ತಾನೆ, ದೂರಕ್ಕೆ ಎಸೆಯುವ ಧೈರ್ಯವಿಲ್ಲದವನ ಚೆಂಡು ಎದುರಾಳಿಗೆ ಸಿಗುವುದಾದರೂ ಹೇಗೆ? ನವೆಂಬರ್‌ನಲ್ಲಿ ಆಬರ್ನ್ ಎದುರು 26-14ರಿಂದ ಸೋತ ಮೇಲಂತೂ ಬೆಂಚಿನಲ್ಲಿ ಕೂತಿದ್ದ ಹವಾಯಿಯ ಎಡಗೈ ಹುಡುಗ ಟುವಾ ಟಾಗೊವೈಲೊವಾನ ಹೆಸರು ಎಲ್ಲರ ಬಾಯಲ್ಲಿ. ಶಿವಮೊಗ್ಗ ಕಡೆಯ ನನ್ನ ಗೆಳೆಯರೊಬ್ಬರು ಅಲ್ಲೇ ಇದ್ದರು. "ಅಲ್ರೀ, ಇಪ್ಪತ್ತೇಳು ಮ್ಯಾಚಲ್ಲಿ ಇಪ್ಪತ್ತೈದು ಗೆದ್ದೋನನ್ನ ತೆಗೀರಿ ಅಂತಾರಲ್ಲ, ಇವರಿಗೆ ಇನ್ನೇನು ಬೇಕಂತೆ?" ಎಂದು ಬೇಸರಪಟ್ಟುಕೊಂಡರು. ನನಗೂ ಹಾಗೇ ಅನ್ನಿಸಿತ್ತು. ಆದರೆ ಗೆಲುವೊಂದೇ ಅಳತೆಯಲ್ಲ ಎನ್ನುವವರ ಮಾತಿನಲ್ಲೂ ಹುರುಳಿತ್ತು. ಸುತ್ತ ಹತ್ತು ಜನ ದೇಶದ ಉತ್ತಮ ಆಟಗಾರರಿರುವಾಗ ಗೆಲುವಿನಲ್ಲಿ ಒಬ್ಬನ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

2018ರ ಜನವರಿ 8, ಅಟ್ಲಾಂಟಾದಲ್ಲಿ ಜಾರ್ಜಿಯಾ ಎದುರು ಫೈನಲ್. ಅರ್ಧ ಆಟ ಮುಗಿದಾಗ 13-0 ಹಿನ್ನಡೆ. ಹರ್ಟ್ಸ್ ಎಸೆದ ಎಂಟು ಪಾಸ್‌ಗಳಲ್ಲಿ ಗುರಿಮುಟ್ಟಿದ್ದು ಮೂರು, ಸಿಕ್ಕಿದ್ದು 21 ಯಾರ್ಡ್. ಕೋಚ್ ನಿಕ್ ಸೇಬನ್ ಅವನನ್ನು ಕೂರಿಸಿ ಟುವಾನನ್ನು ಇಳಿಸಿದರು. ಟುವಾ ತಪ್ಪನ್ನೂ ಮಾಡಿದ. ಅವನ ಒಂದು ಪಾಸ್ ನೇರ ಜಾರ್ಜಿಯಾದವನ ಕೈಗೆ ಹೋಯಿತು. ಆದರೂ ಪಂದ್ಯ ಸಮವಾಯಿತು. ಓವರ್‌ಟೈಮ್‌ನಲ್ಲಿ ಜಾರ್ಜಿಯಾ ಮೂರು ಅಂಕ ಮುಂದೆ. ಮೊದಲ ಅವಕಾಶದಲ್ಲೇ ಟುವಾ ಸಿಕ್ಕಿಬಿದ್ದು 16 ಯಾರ್ಡ್ ಹಿಂದಕ್ಕೆ ಬಂದ. ಮರುಕ್ಷಣ ಡಿವೊಂಟಾ ಸ್ಮಿತ್‌ಗೆ 41 ಯಾರ್ಡ್‌ನ ಪಾಸ್, ಟಚ್‌ಡೌನ್, 26-23. ಸೇಬನ್ ತೆಗೆದುಕೊಂಡದ್ದು ಸರಿಯಾದ ತೀರ್ಮಾನ, ಅದರಲ್ಲಿ ನನಗೆ ಸಂಶಯವಿಲ್ಲ.

ನನ್ನ ತಕರಾರು ಇರುವುದು ಮರುದಿನದಿಂದ ಶುರುವಾದ ಮಾತಿನ ಬಗ್ಗೆ. ಆ ರಾತ್ರಿ ಅವನಿಂದ ಆಗಲಿಲ್ಲ ಎಂಬುದು ನೋಡನೋಡುತ್ತಲೇ ಅವನಿಂದ ಆಗುವುದೇ ಇಲ್ಲ ಎಂದಾಯಿತು. ಓಟಗಾರ, ಕ್ವಾರ್ಟರ್‌ಬ್ಯಾಕ್ ಅಲ್ಲ ಎಂದರು. ಬೇರೆ ಜಾಗದಲ್ಲಿ ಆಡಿಸಬಾರದೇಕೆ ಎಂದರು. ಹರ್ಟ್ಸ್‌ನಂಥ ಕಪ್ಪು ಹುಡುಗರ ಬಗ್ಗೆ ಈ ಮಾತಿಗೆ ಆ ದೇಶದಲ್ಲಿ ಉದ್ದದ ಇತಿಹಾಸವಿದೆ. ಕಾಲು ಚುರುಕು, ಆದರೆ ಆಟವನ್ನು ಓದುವ ತಲೆ ಇಲ್ಲ ಎಂದು ಎಷ್ಟೋ ಜನರನ್ನು ಪಕ್ಕಕ್ಕೆ ಸರಿಸಿದ್ದಾರೆ. ಕ್ವಾರ್ಟರ್‌ಬ್ಯಾಕ್ ವಾರೆನ್ ಮೂನ್ ಅಂಥವರನ್ನೇ 1978ರಲ್ಲಿ ಯಾವ ಎನ್‌ಎಫ್‌ಎಲ್ ತಂಡವೂ ಆಯ್ದುಕೊಳ್ಳಲಿಲ್ಲ. ಅವರು ಕೆನಡಾಕ್ಕೆ ಹೋಗಿ ಆಡಿ ತಮ್ಮನ್ನು ಸಾಬೀತುಪಡಿಸಿಕೊಳ್ಳಬೇಕಾಯಿತು. ಹರ್ಟ್ಸ್‌ನನ್ನು ಟೀಕಿಸಿದವರೆಲ್ಲ ಆ ಮನಸ್ಸಿನವರು ಎಂದು ನಾನು ಹೇಳುತ್ತಿಲ್ಲ. ಆದರೆ ಬಾಯಿಗೆ ಸುಲಭವಾಗಿ ಬರುವ ಮಾತು ಎಲ್ಲಿಂದ ಬಂತು ಎಂದು ಆಡುವವರು ಒಮ್ಮೆ ಯೋಚಿಸಬೇಕಿತ್ತು. ಇಷ್ಟೆಲ್ಲ ಮಾತು ಕೇಳಬೇಕಾದ ಕಾಲೇಜು ಹುಡುಗರಿಗೆ ಆಗ ಸಂಬಳವೂ ಇರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಇದ್ದದ್ದು ವಿದ್ಯಾರ್ಥಿವೇತನ ಮಾತ್ರ. ತಮ್ಮ ಹೆಸರು, ಮುಖಗಳಿಂದ ಹಣ ಮಾಡಲು ಕಾಲೇಜು ಆಟಗಾರರಿಗೆ ಅನುಮತಿ ಸಿಕ್ಕಿದ್ದು 2021ರಲ್ಲಿ.

2018ರ ಋತುವಿನಲ್ಲಿ ಟುವಾ ಮೊದಲ ಕ್ವಾರ್ಟರ್‌ಬ್ಯಾಕ್ ಆದ. ಅದೇ ವರ್ಷ ನಿಯಮ ಬದಲಾಗಿತ್ತು: ನಾಲ್ಕು ಪಂದ್ಯಕ್ಕಿಂತ ಹೆಚ್ಚು ಆಡದಿದ್ದರೆ ಆ ವರ್ಷ ಲೆಕ್ಕಕ್ಕೆ ಬರದು, ಬೇರೆ ಕಾಲೇಜಿಗೆ ಹೋಗಿ ಆಡಬಹುದು. ಕ್ಲೆಮ್ಸನ್‌ನಲ್ಲಿ ಟ್ರೆವರ್ ಲಾರೆನ್ಸ್‌ಗೆ ಜಾಗ ಹೋದಾಗ ಕೆಲಿ ಬ್ರ್ಯಾಂಟ್ ನಾಲ್ಕು ಪಂದ್ಯಕ್ಕೇ ಹೊರಟುಬಿಟ್ಟ, ಅವನನ್ನು ದೂರಲಾರೆ. ಹರ್ಟ್ಸ್ ಉಳಿದ. ಡಿಸೆಂಬರ್ 1ರಂದು ಅದೇ ಅಟ್ಲಾಂಟಾ, ಅದೇ ಜಾರ್ಜಿಯಾ, ಈ ಭಾಗದ ಕಾಲೇಜುಗಳ ಲೀಗ್ ಆದ ಎಸ್‌ಇಸಿಯ ಫೈನಲ್. ತಂಡ 28-21 ಹಿಂದಿದ್ದಾಗ ಟುವಾ ಕಾಲುನೋವಿನಿಂದ ಹೊರಬಂದ. ಎಸೆಯಲು ಬಾರದವನೆಂದು ಹೆಸರಾದ ಹರ್ಟ್ಸ್ ಇಳಿದು, ಟಚ್‌ಡೌನ್ ಪಾಸ್ ಎಸೆದು ಸಮಮಾಡಿದ. ಒಂದು ನಿಮಿಷ ಚಿಲ್ಲರೆ ಉಳಿದಾಗ ತಾನೇ ಓಡಿ ಗೆಲ್ಲಿಸಿದ. 35-28. ನನ್ನ ಆಫೀಸಿನಲ್ಲಿ ಅವನನ್ನು ವರ್ಷವಿಡೀ ಹಳಿದಿದ್ದ ಹಿರಿಯರೊಬ್ಬರು ಅವನ ಆಟವನ್ನು ವರ್ಣಿಸುತ್ತ ಕಣ್ಣು ಒರೆಸಿಕೊಂಡರು. ಆ ಮನುಷ್ಯನ ಮೇಲೆ ನನಗೆ ಅಂದಿನಿಂದ ಗೌರವ ಹೆಚ್ಚಿದೆ.

ಮುಂದೆ ಹರ್ಟ್ಸ್ ಪದವಿ ಮುಗಿಸಿ ಓಕ್ಲಹೋಮಾಕ್ಕೆ ಹೋಗಿ, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿಯ ಸ್ಪರ್ಧೆಯಲ್ಲಿ ಎರಡನೆಯವನಾದ. ಎನ್‌ಎಫ್‌ಎಲ್ ತಂಡಗಳು ಆಟಗಾರರನ್ನು ಆಯ್ದುಕೊಳ್ಳುವ 2020ರ ಡ್ರಾಫ್ಟ್‌ನಲ್ಲಿ ಟುವಾ ಐದನೆಯವನಾಗಿ ಮಯಾಮಿಗೆ, ಹರ್ಟ್ಸ್ 53ನೆಯವನಾಗಿ ಫಿಲಡೆಲ್ಫಿಯಾಕ್ಕೆ. 2025ರ ಫೆಬ್ರವರಿಯಲ್ಲಿ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದು ಪಂದ್ಯದ ಶ್ರೇಷ್ಠ ಆಟಗಾರನೆನಿಸಿಕೊಂಡವನು ಹರ್ಟ್ಸ್. ಇದರಿಂದ 2018ರ ಟೀಕಾಕಾರರು ಸುಳ್ಳಾದರು ಎನ್ನಲು ನಾನು ಸಿದ್ಧನಿಲ್ಲ. ಅವರು ಕಂಡ ಕೊರತೆ ಅಂದು ಇತ್ತು. ಅವನು ಅದರ ಮೇಲೆ ದುಡಿದ, ಬೇರೆ ಬೇರೆ ಕೋಚ್‌ಗಳ ಕೈಯಲ್ಲಿ ಕಲಿತ. ಹತ್ತೊಂಬತ್ತರ ಹುಡುಗನಲ್ಲಿ ಕಾಣುವ ಕೊರತೆ ಅವನ ಮಿತಿಯೇ ಆಗಿರಬೇಕಿಲ್ಲ ಎಂಬುದಷ್ಟೇ ಆ ಚರ್ಚೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಎರಡೂ ಪಕ್ಷದವರು ಹೆಸರೆತ್ತದ ಇನ್ನೊಬ್ಬನಿದ್ದ. 2017ರಲ್ಲಿ ಟುವಾನ ಜೊತೆಗೇ ಕಾಲೇಜಿಗೆ ಸೇರಿದ ಮ್ಯಾಕ್ ಜೋನ್ಸ್. ಮೊದಲ ವರ್ಷ ಒಂದು ಪಂದ್ಯವನ್ನೂ ಆಡಲಿಲ್ಲ. 2019ರ ನವೆಂಬರ್‌ನಲ್ಲಿ ಟುವಾನ ಸೊಂಟದ ಕೀಲಿಗೆ ದೊಡ್ಡ ಪೆಟ್ಟಾದಾಗ ಜಾಗ ಸಿಕ್ಕಿತು. 2020ರ ಋತುವಿನಲ್ಲಿ ಅವನ ತಂಡ ಆಡಿದ್ದು ಹದಿಮೂರು ಪಂದ್ಯ, ಗೆದ್ದದ್ದು ಹದಿಮೂರು; ಫೈನಲ್‌ನಲ್ಲಿ ಒಹಾಯೊ ಸ್ಟೇಟ್ ವಿರುದ್ಧ 52-24. ಒಹಾಯೊದ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಫೀಲ್ಡ್ಸ್, 2018ರಲ್ಲಿ ಜಾರ್ಜಿಯಾದ ಬೆಂಚಿನಲ್ಲಿ ಕೂತಿದ್ದವನು. ಇವತ್ತು ಯಾವ ಕಾಲೇಜಿನ ಬಗ್ಗೆಯಾದರೂ ಗೆಳೆಯರು ಇವನೋ ಅವನೋ ಎಂದು ಕಾದಾಡುವುದು ಕಂಡರೆ, ಮೂರನೆಯವನ ಹೆಸರೇನು, ಎಷ್ಟನೇ ವರ್ಷದವನು ಎಂದು ನಾನು ಕೇಳುತ್ತೇನೆ. ಸಾಮಾನ್ಯವಾಗಿ ಯಾರಿಗೂ ಗೊತ್ತಿರುವುದಿಲ್ಲ, ಆಮೇಲೆ ಎಲ್ಲರೂ ಹುಡುಕಲು ಫೋನ್ ತೆಗೆಯುತ್ತಾರೆ.