ಒಂಟಿ ಮರದ ಚಿತ್ರ

ಪಡುಗಡಲಿಗೂ ಸಹ್ಯಾದ್ರಿಗೂ ನಡುವೆ ಹಾಸಿಕೊಂಡಿರುವ ಉಡುಪಿಯ ಸೀಮೆಯಲ್ಲಿ ಮರಗಳಿಗೆ ಬರವಿಲ್ಲ. ಮನೆಯ ಹಿತ್ತಿಲಲ್ಲಿ ಹಲಸು, ಗದ್ದೆಯಂಚಿನಲ್ಲಿ ಹೊನ್ನೆ, ಗುಡಿಯ ಮುಂದೆ ಅಶ್ವತ್ಥ, ನಾಗಬನದೊಳಗೆ ನಡುಹಗಲಿನಲ್ಲೂ ಕತ್ತಲೆ ಕವಿಸುವ ಹಸುರು! ಆದರೂ ಈ ನಾಡಿಗೆ ಬರುವ ಪ್ರವಾಸಿಯ ಕ್ಯಾಮರಾದಲ್ಲಿ ಮರಕ್ಕೆ ಸ್ಥಾನ ದೊರೆಯುವುದು ಅಪರೂಪ. ಉಡುಪಿಯ ರಥಬೀದಿ, ಕಾಪುವಿನ ದೀಪಸ್ತಂಭ, ಕಾರ್ಕಳದ ಗೊಮ್ಮಟ, ಇಷ್ಟಾದರೆ ಅವನ ಯಾತ್ರೆ ಪೂರ್ಣ. ಚಿತ್ರದಲ್ಲಿ ಮರ ಬಂದರೂ ಅದು ಅಂಚಿನಲ್ಲಿ ತೂಗುವ ತೋರಣವಾಗಿ ಬರುತ್ತದೆಯೇ ಹೊರತು ಕಥಾನಾಯಕನಾಗಿ ಅಲ್ಲ.

ಛಾಯಾಗ್ರಹಣದ ಹವ್ಯಾಸದಲ್ಲಿ ಕೆಲಕಾಲ ಕಳೆದವರ ಒಲವು ಬೇರೆ. ಹತ್ತಾರು ಊರು ಸುತ್ತಿ, ನೂರಾರು ಚಿತ್ರ ತೆಗೆದ ಮೇಲೆ, ಅವರಲ್ಲಿ ಕೆಲವರು ಯಾವುದೋ ಒಂದು ಮರದ ಮುಂದೆ ಬಂದು ನಿಲ್ಲುತ್ತಾರೆ. ಅದೇ ಮರವನ್ನು ಬೆಳಗಿನಲ್ಲಿ, ಬೈಗಿನಲ್ಲಿ, ಮಳೆಯಲ್ಲಿ, ಬಿಸಿಲಿನಲ್ಲಿ ಮತ್ತೆ ಮತ್ತೆ ಸೆರೆಹಿಡಿಯುತ್ತಾರೆ. ನಿಂತಲ್ಲೇ ನಿಂತಿರುವ ಮರದಲ್ಲಿ ಅಷ್ಟೊಂದು ನೋಡುವುದೇನಿದೆ ಎಂದು ವಾಚಕರು ಕೇಳಬಹುದು. ನಿಂತಲ್ಲೇ ನಿಂತಿರುವುದೇ ಅದರ ಹಿರಿಮೆ. ಮರವು ಸ್ಥಿರವಾಗಿರುವುದರಿಂದಲೇ ಅದರ ಸುತ್ತ ಚಲಿಸುವುದೆಲ್ಲ, ಬೆಳಕು, ನೆರಳು, ಋತು, ಜನ, ನೋಡುವವನ ಕಣ್ಣಿಗೆ ಬೀಳುತ್ತದೆ.

ಈ ಒಲವು ಛಾಯಾಗ್ರಹಣದಷ್ಟೇ ಹಳೆಯದು. ಕಾಗದದ ನೆಗೆಟಿವಿನಿಂದ ಚಿತ್ರ ಪಡೆಯುವ ವಿಧಾನಕ್ಕೆ 1841ರಲ್ಲಿ ಪೇಟೆಂಟು ಪಡೆದ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್, ಅದಾದ ಒಂದೆರಡು ವರ್ಷಗಳಲ್ಲೇ ಚಳಿಗಾಲದ ಓಕ್ ಮರವೊಂದನ್ನು ಚಿತ್ರಿಸಿದನು. ಎಲೆಗಳೆಲ್ಲ ಉದುರಿ, ಕವಲು ಕವಲಾಗಿ ಬಾನಿಗೆ ಚಾಚಿದ ಬರಿಯ ಕೊಂಬೆಗಳು, ಬೇರೇನೂ ಇಲ್ಲ. ಆ ಕಾಲದಲ್ಲಿ ಬಿಂಬ ಮೂಡಲು ಬಹಳ ಹೊತ್ತು ಬೇಕಿತ್ತು. ಮನುಷ್ಯನಾದರೆ ಕಣ್ಣು ಮಿಟುಕಿಸದೆ, ಕತ್ತು ತಿರುಗಿಸದೆ ಕುಳಿತಿರಬೇಕು. ಮರಕ್ಕೆ ಆ ಕಷ್ಟವಿಲ್ಲ. ಎಲೆಯುದುರಿದ ಮರವಾದರಂತೂ ಗಾಳಿಗೂ ಹೆಚ್ಚು ಅಲುಗದು.

ಉಡುಪಿಯ ಸೀಮೆಯಲ್ಲಿ ಒಂಟಿ ಮರವನ್ನು ಅರಸಿ ಹೊರಟವನು ದೂರ ಹೋಗಬೇಕಾಗಿಲ್ಲ. ಊರೊಳಗಿನ ಯಾವುದಾದರೊಂದು ಅಶ್ವತ್ಥಕಟ್ಟೆಯಿಂದಲೇ ಆರಂಭಿಸಬಹುದು. ಸಮಭಾಜಕ ವೃತ್ತದಿಂದ 13 ಡಿಗ್ರಿಗಿಂತ ತುಸು ಹೆಚ್ಚು ಉತ್ತರಕ್ಕಿರುವ ಈ ಊರಿನಲ್ಲಿ ಸೂರ್ಯನು ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 25ರ ಸುಮಾರಿಗೊಮ್ಮೆ, ಆಗಸ್ಟ್ 18ರ ಸುಮಾರಿಗೊಮ್ಮೆ, ಸರಿಯಾಗಿ ನಡುನೆತ್ತಿಗೆ ಬರುತ್ತಾನೆ. ಅಂದು ಮಧ್ಯಾಹ್ನ ಮರದ ನೆರಳೆಲ್ಲ ಅದರ ಬುಡದಲ್ಲೇ ಮುದುಡಿಕೊಳ್ಳುತ್ತದೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ನೆರಳು ತೆಂಕಣಕ್ಕೆ ಚಾಚಿದರೆ, ಉಳಿದ ತಿಂಗಳುಗಳಲ್ಲಿ ಬಡಗಣಕ್ಕೆ ಚಾಚುತ್ತದೆ. ಕಟ್ಟೆಯ ಯಾವ ಅಂಚು ಯಾವಾಗ ತಂಪಾಗಿರುತ್ತದೆಂಬುದು ಅಲ್ಲಿ ದಿನವೂ ಬಂದು ಕೂರುವ ಮುದುಕರಿಗೆ ಪಂಚಾಂಗ ನೋಡದೆಯೂ ಗೊತ್ತು. ಒಂದೇ ತಾವಿನಿಂದ ತಿಂಗಳಿಗೊಂದರಂತೆ ತೆಗೆದ ಹನ್ನೆರಡು ಚಿತ್ರಗಳಲ್ಲಿ ಆ ತಿಳಿವಳಿಕೆ ಎಲ್ಲರ ಕಣ್ಣಿಗೂ ಕಾಣುವಂತಾಗುತ್ತದೆ.

ಉಡುಪಿಯಿಂದ ಮೂಡಲಿಗೆ ಸುಮಾರು 5 ಕಿಲೋಮೀಟರು ಏರಿದರೆ ಮಣಿಪಾಲ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸುವ ಮುನ್ನ ಇದು ಮುರಕಲ್ಲಿನ ಬೋಳುಗುಡ್ಡ. ಇಂಥ ಮುರಕಲ್ಲಿನ ಪದವುಗಳಲ್ಲಿ ಮಣ್ಣಿನ ಪದರ ತೆಳು. ಬೇಸಿಗೆಯಲ್ಲಿ ಹುಲ್ಲು ಸುಟ್ಟು ಕಂದಾಗುತ್ತದೆ, ಜೂನ್ ತಿಂಗಳ ಮಳೆ ಬಿದ್ದೊಡನೆ ಹಸುರಾಗುತ್ತದೆ. ಕಲ್ಲಿನ ಬಿರುಕಿನಲ್ಲಿ ಬೇರಿಳಿಸಿದ ಮರ ಮಾತ್ರ ಎರಡು ಕಾಲದಲ್ಲೂ ಒಂದೇ ನಿಲುವಿನಲ್ಲಿ ನಿಲ್ಲುತ್ತದೆ. ಗುಡ್ಡದ ಕೊನೆಯಂಚಿನಿಂದ ಕೆಳಗೆ ನೋಡಿದರೆ ಸ್ವರ್ಣಾ ನದಿಯ ಕಣಿವೆ. ಚಳಿಗಾಲದ ಬೆಳಗಿನಲ್ಲಿ ಅಲ್ಲಿ ಮಂಜು ಕವಿದಾಗ, ಒಂದರೊಡನೊಂದು ಬೆರೆತಿದ್ದ ಮರಗಳು ಬೇರೆಬೇರೆಯಾಗಿ ಕಾಣತೊಡಗುತ್ತವೆ. ಹಿಂದಿನದನ್ನೆಲ್ಲ ಅಳಿಸಿ ಮುಂದಿನ ಮರವೊಂದನ್ನೇ ಉಳಿಸುವ ಆ ಮಂಜು ಛಾಯಾಗ್ರಾಹಕನ ಅರ್ಧ ಕೆಲಸವನ್ನು ತಾನೇ ಮಾಡಿಕೊಡುತ್ತದೆ.

ಗುಡ್ಡದಿಂದಿಳಿದು ಉಡುಪಿಯ ತೆಂಕಣಕ್ಕೆ ಹನ್ನೆರಡು ಹದಿಮೂರು ಕಿಲೋಮೀಟರು ಸಾಗಿದರೆ ಕಾಪು. 1901ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿ ಬಂಡೆಯ ಮೇಲೆ ನಿಂತಿದೆ. ಜನರೆಲ್ಲ ಅದರತ್ತ ಮುಖ ಮಾಡಿ ನಿಲ್ಲುತ್ತಾರೆ. ಮರವನ್ನು ಅರಸುವವನು ತುಸು ಆಚೆ ಸರಿದು, ಕಡಲಿನತ್ತ ಬಾಗಿದ ತೆಂಗೊಂದನ್ನು ಆರಿಸಿಕೊಳ್ಳುತ್ತಾನೆ. ನಿಂತ ಜಾಗವನ್ನು ಬದಲಿಸುತ್ತ ಹೋದರೆ ಮುಳುಗುವ ಸೂರ್ಯನನ್ನು ಯಾವ ಸಂಜೆಯಾದರೂ ತೆಂಗಿನ ಹಿಂದೆ ತರಬಹುದು. ಒಂದೇ ಜಾಗಕ್ಕೆ ಹಠ ಹಿಡಿದರೆ ಲೆಕ್ಕ ಬೇರೆ. ಡಿಸೆಂಬರಿನಲ್ಲಿ ಸೂರ್ಯನು ನೇರ ಪಡುವಣದಿಂದ ಸುಮಾರು 24 ಡಿಗ್ರಿ ತೆಂಕಣಕ್ಕೆ, ಜೂನಿನಲ್ಲಿ ಅಷ್ಟೇ ಬಡಗಣಕ್ಕೆ ಸರಿದು ಮುಳುಗುತ್ತಾನೆ. ನೇರ ಪಡುವಣದಲ್ಲಿರುವ ತೆಂಗಿನ ಹಿಂದೆ ಅವನು ಬರುವುದು ಮಾರ್ಚಿ ಮತ್ತು ಸೆಪ್ಟೆಂಬರ್ ತಿಂಗಳುಗಳ ವಿಷುವದ ಆಸುಪಾಸಿನಲ್ಲಿ ಮಾತ್ರ. ಸೆಪ್ಟೆಂಬರಿನಲ್ಲಿ ಮಳೆಮೋಡದ ಭಯ. ಉಳಿಯುವುದು ಮಾರ್ಚಿಯ ಕೆಲವು ಸಂಜೆಗಳು. ಅದನ್ನು ತಪ್ಪಿಸಿಕೊಂಡವನು ಮತ್ತೊಂದು ವರ್ಷ ಕಾಯಬೇಕು!

ಕಾಯುವುದೆಂದರೇನೆಂದು ತಿಳಿಯಲು ಕಾರ್ಕಳಕ್ಕೆ ಹೋಗಬೇಕು. ಕಡಲ ತೀರವನ್ನು ಬಿಟ್ಟು ಸಹ್ಯಾದ್ರಿಯ ದಿಕ್ಕಿಗೆ ನಡೆದರೆ ಸಿಗುವ ಆ ಊರಿನ ಬೋಳುಬಂಡೆಯ ಮೇಲೆ, 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ ಸುಮಾರು 42 ಅಡಿ ಎತ್ತರದ ಬಾಹುಬಲಿ ನಿಂತಿದ್ದಾನೆ. ಅವನ ಕಾಲುಗಳನ್ನೂ ತೋಳುಗಳನ್ನೂ ಕಲ್ಲಿನ ಬಳ್ಳಿಗಳು ಸುತ್ತಿಕೊಂಡಿವೆ. ಮನುಷ್ಯನೊಬ್ಬ ಎಷ್ಟು ಕಾಲ ಅಲುಗದೆ ನಿಂತನೆಂದರೆ, ಬಳ್ಳಿಗಳು ಅವನನ್ನೇ ಮರವೆಂದು ನಂಬಿ ಹಬ್ಬಿದವು! ಗೊಮ್ಮಟನ ಬೆಟ್ಟ ಛಾಯಾಗ್ರಾಹಕನಿಗೆ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಮೂರ್ತಿಯ ಹಿಂದೆ ಬಾನು ಬಿಟ್ಟರೆ ಬೇರೇನೂ ಇಲ್ಲದಿರುವುದರಿಂದಲೇ ಅದರ ಗಾಂಭೀರ್ಯ ಇಮ್ಮಡಿಸಿದೆ. ಮರದ ಚಿತ್ರ ತೆಗೆಯುವವನೂ ಹೀಗೆಯೇ ಮೊಣಕಾಲೂರಿ ಕ್ಯಾಮರಾವನ್ನು ತಗ್ಗಿಸಿದರೆ, ಹಿಂದಿನ ಪೊದೆ, ತಂತಿ, ಮಾಡುಗಳೆಲ್ಲ ಕೆಳಗಿಳಿದು ಮರಕ್ಕೆ ಬಾನೇ ಹಿನ್ನೆಲೆಯಾಗುತ್ತದೆ.

ಒಂದು ಮರವನ್ನು ಹೀಗೆ ಬೇರ್ಪಡಿಸಿ ಗುರುತಿಸುವುದು ತುಳುನಾಡಿಗೆ ಹೊಸದಲ್ಲ. ಆಟಿ ತಿಂಗಳ ಅಮಾವಾಸ್ಯೆಯಂದು ಸೂರ್ಯೋದಯಕ್ಕೆ ಮೊದಲೇ ಹೋಗಿ, ಲೋಹ ಮುಟ್ಟಿಸದೆ ಕಲ್ಲಿನಿಂದಲೇ ಹಾಲೆ ಮರದ ತೊಗಟೆಯನ್ನು ಜಜ್ಜಿ ತಂದು, ಅದರ ಕಷಾಯವನ್ನು ಮನೆಮಂದಿಯೆಲ್ಲ ಕುಡಿಯುತ್ತಾರೆ. ತುಳುವಿನಲ್ಲಿ ಈ ಮರಕ್ಕೆ ಪಾಲೆಯೆಂದು ಹೆಸರು. ಕತ್ತಲಲ್ಲಿ ಮರ ತಪ್ಪಿದರೆ ಪ್ರಾಣಕ್ಕೇ ಸಂಚಕಾರ, ಏಕೆಂದರೆ ವಿಷವುಳ್ಳ ಕಾಸರಕದಂಥ ಮರಗಳೂ ಅದೇ ಗುಡ್ಡದಲ್ಲಿವೆ. ಆದುದರಿಂದ ಬಲ್ಲವರು ಹಿಂದಿನ ದಿನವೇ ಹೋಗಿ, ಹಗಲಿನಲ್ಲಿ ಮರವನ್ನು ನೋಡಿ ಗುರುತು ಮಾಡಿ ಬರುತ್ತಾರೆ. ಮರಗಳ ಗುಂಪಿನಲ್ಲಿ ‘ಇದೇ’ ಎಂದು ಬೆರಳು ಮಾಡಿ ತೋರಿಸಬಲ್ಲ ಕಣ್ಣು ಒಂದು ಕಾಲಕ್ಕೆ ಮನೆಯನ್ನು ಕಾಯುವ ವಿದ್ಯೆಯಾಗಿತ್ತು.

ಆ ಕಣ್ಣು ಮಂದವಾದರೆ ಏನಾಗುತ್ತದೆಂಬುದನ್ನು ಈ ಸೀಮೆಯ ರಸ್ತೆಗಳು ಹೇಳುತ್ತವೆ. ಕಾಪುವಿನ ಮೂಲಕ ಉಡುಪಿಗೆ ಬರುವ ರಾಷ್ಟ್ರೀಯ ಹೆದ್ದಾರಿ 66 ನಾಲ್ಕು ಪಥವಾಯಿತು. ಉಡುಪಿಯಿಂದ ಮಣಿಪಾಲಕ್ಕೆ ಏರುವ ದಾರಿಯೂ ಅಗಲವಾಯಿತು. ಅವಸರದ ರೋಗಿಗೂ ಕಾಲೇಜಿನ ಹುಡುಗರಿಗೂ ಅದರಿಂದ ಅನುಕೂಲವಾಯಿತೆಂಬುದು ಸುಳ್ಳಲ್ಲ. ಆದರೆ ಅಂಚಿನ ಹಳೆಯ ಮರಗಳು ಹೋದುವು. ಅವುಗಳಲ್ಲಿ ಯಾವ ಮರ ಎಲ್ಲಿತ್ತು, ಯಾವ ತಿರುವಿನಲ್ಲಿ ಗೋಳಿಯ ಬೀಳಲು ಬಸ್ಸಿನ ಮಾಡಿಗೆ ತಾಗುತ್ತಿತ್ತು ಎಂದು ಇಂದು ಕೇಳಿದರೆ, ಆ ದಾರಿಯಲ್ಲಿ ಸಾವಿರ ಸಲ ಓಡಾಡಿದವರೂ ತಡವರಿಸುತ್ತಾರೆ. ಮದುವೆಯ ದಿಬ್ಬಣದ ಚಿತ್ರ ಮನೆಮನೆಯಲ್ಲುಂಟು. ದಿಬ್ಬಣಕ್ಕೆ ನೆರಳಿತ್ತ ಮರದ ಚಿತ್ರ ಎಷ್ಟು ಮನೆಗಳಲ್ಲುಂಟು?

ಹಾಗೆಂದು ಚಿತ್ರವಿದ್ದರೆ ಮರ ಉಳಿದೀತೆಂದು ನಂಬುವುದೂ ಭ್ರಮೆ. ಇಂಗ್ಲೆಂಡಿನಲ್ಲಿ ರೋಮನರ ಕಾಲದ ಹೇಡ್ರಿಯನ್ ಗೋಡೆಯ ಬದಿಯಲ್ಲಿ, ಎರಡು ದಿಣ್ಣೆಗಳ ನಡುವಿನ ತಗ್ಗಿನಲ್ಲಿ ಸಿಕಮೋರ್ ಮರವೊಂದಿತ್ತು. ಆ ದೇಶದಲ್ಲಿ ಅಷ್ಟೊಂದು ಚಿತ್ರಗಳಲ್ಲಿ ಕಾಣಿಸಿಕೊಂಡ ಮರಗಳು ವಿರಳ. 2023ರ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ ಇಬ್ಬರು ಅದನ್ನು ಗರಗಸದಿಂದ ಕೊಯ್ದು ಕೆಡವಿದರು. ಲಕ್ಷಾಂತರ ಚಿತ್ರಗಳು ಅದನ್ನು ಕಾಯಲಿಲ್ಲ. ಆದರೆ ಬೆಳಗಾಗುವುದರೊಳಗೆ ಏನು ಹೋಯಿತೆಂಬುದು ಎಲ್ಲರಿಗೂ ಗೊತ್ತಾಗಿತ್ತು. ಒಂದು ಮರಕ್ಕಾಗಿ ದೇಶವೇ ಮರುಗಿತು. ಕಡಿದವರಿಗೆ 2025ರಲ್ಲಿ ನಾಲ್ಕು ವರ್ಷಕ್ಕೂ ಮೀರಿದ ಸೆರೆವಾಸವಾಯಿತು. ಮುಖ ಪರಿಚಯವಿದ್ದವರ ಸಾವಿಗೆ ಜನ ಸೇರುತ್ತಾರೆ. ಪರಿಚಯವೇ ಇಲ್ಲದ ಮರ ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿಯಾಗಿ ಮುಗಿಯುತ್ತದೆ. ಛಾಯಾಚಿತ್ರವು ಕೊಡಬಲ್ಲದ್ದು ಆ ಪರಿಚಯವನ್ನು. ಅದರಾಚೆಯ ಕೆಲಸ ಮನುಷ್ಯರದು.

ಇದಕ್ಕೆ ಬೆಲೆಬಾಳುವ ಕ್ಯಾಮರಾ ಬೇಕಿಲ್ಲ. ಅಂಗೈಯಲ್ಲಿರುವ ಮೊಬೈಲು ಸಾಕು. ಹೆಸರಾಂತ ಮರವೂ ಬೇಕಿಲ್ಲ. ಶಾಲೆಯ ದಾರಿಯಲ್ಲಿನ ಮಾವು, ಬಸ್ಸುತಂಗುದಾಣದ ಹಿಂದಿನ ಗೋಳಿ, ಯಾವುದಾದರೂ ಆದೀತು. ನಿಲ್ಲುವ ತಾವಿಗೊಂದು ಕಲ್ಲಿನ ಗುರುತಿಟ್ಟು, ತಿಂಗಳಿಗೊಮ್ಮೆ ಅದೇ ಹೊತ್ತಿಗೆ ಅಲ್ಲಿಂದಲೇ ಒಂದು ಚಿತ್ರ ತೆಗೆದು, ಅದರ ಕೆಳಗೆ ದಿನಾಂಕವನ್ನೂ ಮರದ ಹೆಸರನ್ನೂ ಬರೆದಿಟ್ಟರಾಯಿತು. ಹೆಸರು ತಿಳಿಯದಿದ್ದರೆ ಮನೆಯ ಹಿರಿಯರನ್ನು ಕೇಳಬಹುದು. ಒಂದೆರಡು ಚಿತ್ರಗಳಲ್ಲಿ ಮನೆಯ ಮಗುವನ್ನೂ ಬುಡದಲ್ಲಿ ನಿಲ್ಲಿಸಿದರೆ ಮರದ ಎತ್ತರ ತಿಳಿಯುತ್ತದೆ. ವರ್ಷಗಳುರುಳಿದಂತೆ ಮಗುವಿನ ಎತ್ತರವೂ ತಿಳಿಯುತ್ತದೆ.